ಕಲ್ಲಯ್ಯನವರ ಅಳತೆಕೋಲು

ನಮ್ಮೂರಿನ ನೀರುಗಂಟಿ ಕಲ್ಲಯ್ಯನವರ ಬಲಗೈ ಮಣಿಕಟ್ಟು ಈಗ ಪೂರ್ತಿ ತಿರುಗುವುದಿಲ್ಲ. ನೀರಿನ ಚೊಂಬು ಎತ್ತುವುದಕ್ಕೂ ಎಡಗೈ ಆಸರೆ ಕೊಡಬೇಕು. ಯಾರಾದರೂ ಕೇಳಿದರೆ "ನಾಲೇಲಿ ಜಾರ್ಬಿದ್ದೆ ಕಣಪ್ಪ" ಅಂದು ಬೇರೆ ಮಾತು ತೆಗೆಯುತ್ತಾರೆ.

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ ಇಳಿದು ಎರಡು ಕಿಲೋಮೀಟರ್ ಒಳಗೆ ನಡೆದರೆ ನಮ್ಮೂರು. ಕಪಿಲೆಯ ಹಳೇ ನಾಲೆ ಊರಿನ ಮಗ್ಗುಲಲ್ಲೇ ಹಾದುಹೋಗುತ್ತದೆ. ಆ ನೀರು ಯಾರ ಗದ್ದೆಗೆ ಎಷ್ಟು ಹೊತ್ತು ಹರಿಯಬೇಕು, ಯಾವ ತೂಬು ಎತ್ತಬೇಕು, ಎಲ್ಲಿ ಏರಿ ಸಡಿಲವಾಗಿದೆ ಎಂದು ನೋಡಿಕೊಳ್ಳುವವರೇ ನೀರುಗಂಟಿ. ಕಲ್ಲಯ್ಯನವರ ತಾತ, ಅಪ್ಪ ಇಬ್ಬರದೂ ಅದೇ ಕೆಲಸ. ಆಗ ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಪ್ರತಿ ಮನೆಯವರೂ ಅವರಿಗೆ ಭತ್ತ ಅಳೆಯುತ್ತಿದ್ದರು. ಈಗ ಭತ್ತವೂ ಇಲ್ಲ, ಹಾಗೊಂದು ಕೆಲಸ ಇದೆ ಎನ್ನುವ ನೆನಪೂ ಯಾರಿಗೂ ಇಲ್ಲ. ಆದರೂ ಎಪ್ಪತ್ತು ದಾಟಿದ ಈ ಮನುಷ್ಯ ಬೆಳಕು ಹರಿಯುತ್ತಲೇ ಹೆಗಲ ಮೇಲೆ ಬಿದಿರು ಕೋಲು ಹೊತ್ತು ಏರಿಯ ಮೇಲೆ ನಡೆಯುತ್ತಿದ್ದರು. ಹತ್ತು ಗೇಣು ಉದ್ದದ ಕೋಲು, ಗೇಣಿಗೊಂದು ಕಚ್ಚು. ಅವರಪ್ಪನ ಕೈಯಿಂದ ಬಂದದ್ದು. ಹಿಡಿಯುವ ಜಾಗ ಎಣ್ಣೆ ಹಚ್ಚಿದ ಹಾಗೆ ನುಣುಪಾಗಿತ್ತು.

ಆ ಕೋಲು ಯಾತಕ್ಕೆ ಎಂದು ಈಗಿನವರಿಗೆ ಹೇಳಬೇಕು. ಹಿಂದೆ ನಾಲೆಗೆ ನೀರು ಬಿಡುವ ಮುಂಚೆ ನಮ್ಮೂರಿನ ಮೂವತ್ತೊಂದು ಮನೆಯವರು ನಾಲೆಯನ್ನು ಹಂಚಿಕೊಂಡು ಹೂಳು ಎತ್ತುತ್ತಿದ್ದರು. ಈ ಹೊಂಗೆಮರದಿಂದ ಆ ತೂಬಿನ ತನಕ ಇಂಥವರ ಪಾಲು, ಅಲ್ಲಿಂದಾಚೆ ಇನ್ನೊಬ್ಬರ ಪಾಲು. ನೀರುಗಂಟಿ ಕೋಲು ಹಾಕಿ ಅಳೆದು ಗೀರು ಎಳೆದರೆ ಮುಗಿಯಿತು, ಎದುರು ಮಾತಿಲ್ಲ. ಆಮೇಲೆ ಮಣ್ಣು ತೆಗೆಯುವ ಮೆಷಿನ್ನು ಬಂತು. ಮನೆಯವರು ಗುದ್ದಲಿಯನ್ನು ಅಟ್ಟಕ್ಕೆ ಹಾಕಿದರು. ಮೆಷಿನ್ನು ಬಂದ ವರ್ಷ ಬಂತು, ಬಾರದ ವರ್ಷ ಇಲ್ಲ. ಪಾಲು ಮರೆತುಹೋಯಿತು. ನಾಲೆ ಯಾರದೂ ಅಲ್ಲ ಎಂದಾದ ಮೇಲೆ ಎಲ್ಲರ ಮನೆಯ ಕಸವೂ ಅಲ್ಲಿಗೇ ಬಿತ್ತು.

ನಾನು ಪುಟ್ಟರಾಜು. ಓದಿದ್ದು ಏಳನೇ ಕ್ಲಾಸು. ಎರಡೆಕರೆ ಗದ್ದೆ ಇದೆ. ಜೊತೆಗೆ ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ನಮ್ಮಪ್ಪ ಬಸವಯ್ಯ ತೀರಿಕೊಂಡು ಹನ್ನೊಂದು ವರ್ಷ. ಅವರ ಹೆಸರನ್ನೇ ಅಂಗಡಿಗೆ ಇಟ್ಟಿದ್ದೇನೆ: ಬಸವಯ್ಯ ಶಾಮಿಯಾನ. ಮದುವೆ, ಬೀಗರ ಔತಣ, ತಿಥಿ, ಯಾವುದೇ ಇರಲಿ, ಊಟ ಮುಗಿದ ಮೇಲೆ ಪ್ಲಾಸ್ಟಿಕ್ ತಟ್ಟೆ, ಲೋಟ, ನೀರಿನ ಬಾಟಲು ಎಲ್ಲ ಬಳಿದು ಚೀಲಕ್ಕೆ ತುಂಬುವುದೂ ನನ್ನದೇ ಕೆಲಸ. ಆ ಚೀಲಗಳನ್ನು ಲಗೇಜ್ ಆಟೋಗೆ ಹಾಕಿಕೊಂಡು ನಾಲೆ ಸೇತುವೆಗೆ ಹೋಗುತ್ತಿದ್ದೆ. ಹಿಂದಿನ ಬಾಗಿಲು ತೆಗೆದು ಕಾಲಲ್ಲಿ ಒದ್ದರೆ ಅರ್ಧ ನಿಮಿಷದ ಕೆಲಸ.

ಪಂಚಾಯ್ತಿಯವರು ಅಲ್ಲಿ ಬೋರ್ಡು ನೆಟ್ಟಿದ್ದರು, ಕಸ ಹಾಕಿದರೆ ಐನೂರು ರೂಪಾಯಿ ದಂಡ ಅಂತ. ವಾರದೊಳಗೆ ಅದರ ಬುಡದಲ್ಲೇ ಗುಡ್ಡೆ ಬಿತ್ತು. ಮೊದಲ ಚೀಲ ನನ್ನದು. ಬೇಡ ಅಂದದ್ದನ್ನು ಮಾಡದಿದ್ದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಮೂಗಿನ ತುದಿಯಲ್ಲೇ ಕೋಪ. ಶಾಲೆ ಬಿಟ್ಟದ್ದೂ ಮೇಷ್ಟರ ಮೇಲಿನ ಕೋಪಕ್ಕೇ.

ಕಲ್ಲಯ್ಯನವರು ಬೋರ್ಡು ಗೀರ್ಡು ಅನ್ನಲಿಲ್ಲ. ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಒಂದೊಂದೇ ಮನೆಯ ಮುಂದೆ ಹೋಗಿ ನಿಲ್ಲತೊಡಗಿದರು. ನೀರು ಬಿಡುವುದರೊಳಗೆ ಮೂವತ್ತೊಂದು ಪಾಲನ್ನೂ ಅಳೆದು, ಪಾಲಿಗೊಂದು ಕಲ್ಲು ನೆಟ್ಟು, ಅವರವರ ಹಿರಿಯರ ಹೆಸರು ಬರೆಸಬೇಕು ಎನ್ನುವುದು ಅವರ ಹಟ. ಮಂಡಿ ನೋವು ಜಾಸ್ತಿಯಾಗಿತ್ತು, ಯಾವ ಪಾಲು ಎಲ್ಲಿ ಎನ್ನುವುದು ಅವರ ತಲೆಯಲ್ಲಿ ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ.

ಮೊದಲು ಹೋದದ್ದು ಮಂಚಮ್ಮನ ಮನೆಗೆ. ಈಕೆಯ ಗದ್ದೆ ನಾಲೆಯ ಕೊನೆಯಲ್ಲಿದೆ. ಮೇಲೆ ಎಲ್ಲಿ ಕಟ್ಟಿಕೊಂಡರೂ ಮೊದಲು ಒಣಗುವುದು ಅವಳದ್ದೇ.

"ಅವ್ವಾ, ಯಜಮಾನ್ರ ಪಾಲು ಯಾವ್ದು ಗೊತ್ತಾ?"

"ಸತ್ತೋನ್ಗೆ ಇನ್ನೆಂಥ ಪಾಲಯ್ಯಾ ಕಲ್ಲಯ್ಯ? ಬದುಕಿದ್ದಾಗ್ಲೇ ಒಂದ್ ಗಳ್ಗೆ ಮನೇಲಿ ನಿಲ್ತಿರ್ಲಿಲ್ಲ."

"ನಾಲೇಲಿ ನಿಲ್ತಿದ್ರು ಕಣವ್ವ. ಬನ್ನಿ, ತೋರುಸ್ತೀನಿ."

ಹೊಂಗೆಮರದ ಬುಡದಿಂದ ಎಂಟು ಸಲ ಕೋಲು ಹಾಕಿ ತೋರಿಸಿದರಂತೆ. "ಅವ್ರು ಮೆಟ್ಟಿ ಕಟ್ಟಿದ್ ಏರಿ. ಇವತ್ತಿನ್ ಗಂಟ ಒಂದ್ ಹೆಂಟೆ ಜರುಗಿಲ್ಲ ನೋಡಿ." ಮಾರನೇ ದಿನ ಪೇಂಟರ್ ಗುರು ಅಲ್ಲೊಂದು ಕಲ್ಲಿನ ಮೇಲೆ ನೀಲಿ ಬಣ್ಣದಲ್ಲಿ 'ಮರೀಗೌಡರ ಪಾಲು' ಎಂದು ಬರೆದ. ಕೆಳಗೆ 'ಕಸ ಹಾಕಬೇಡಿ' ಅಂತ ಇನ್ನೊಂದು ಸಾಲು ಸೇರಿಸಲಾ ಎಂದು ಕೇಳಿದನಂತೆ. ಕಲ್ಲಯ್ಯನವರು ತಲೆ ಅಲ್ಲಾಡಿಸಿ, "ಬ್ಯಾಡ ಕಣೋ. ಇವ್ರು ಎಸಿಯೋ ಮನೆಯೋರಲ್ಲ. ಹೆಸ್ರು ಬರಿ, ಸಾಕು" ಅಂದರಂತೆ. ಇದನ್ನು ಗುರು ನನಗೆ ತಮಾಷೆಗೆ ಹೇಳಿದ. ಇಬ್ಬರೂ ನಕ್ಕೆವು. ಆ ಜಾಗದಲ್ಲಿ ಎಲ್ಲರಿಗಿಂತ ಹೆಚ್ಚು ಕಸ ಎಸೆಯುತ್ತಿದ್ದವರು ಮಂಚಮ್ಮನ ಮನೆಯವರೇ.

ಆದರೆ ಮಂಚಮ್ಮ ಮೂರನೇ ದಿನ ಸೆರಗು ಸಿಕ್ಕಿಸಿ ನಾಲೆಗೆ ಇಳಿದಳು. ಆಮೇಲೆ ದಿನಾ ಸಂಜೆ ಆ ಕಲ್ಲಿನ ಪಕ್ಕದಲ್ಲಿ ಎಲೆಅಡಿಕೆ ಹಾಕಿಕೊಂಡು ಕೂರತೊಡಗಿದಳು. ಯಾರಾದರೂ ಕವರು ಹಿಡಿದು ಆ ಕಡೆ ಬಂದರೆ, "ಯಾಕ್ಲಾ, ನನ್ ಗಂಡನ್ ಮಖದ್ ಮೇಲೆ ಎಸಿಯಾನ ಅಂತ ಬಂದ್ಯಾ?" ಅನ್ನುವಳು. ಅವಳ ಬಾಯಿಗೆ ಯಾರು ಸಿಗುತ್ತಾರೆ? ಪಕ್ಕದ ಪಾಲಿನವರು ನೋಡಿದರು. ನಮ್ಮ ತಾತನ ಕಲ್ಲು ಯಾವಾಗ ಎಂದು ಅವರೇ ಕೇಳಿದರು. ಜೂನ್ ತಿಂಗಳ ಹೊತ್ತಿಗೆ ಇಪ್ಪತ್ತೆರಡು ಕಲ್ಲು ನಿಂತಿದ್ದವು. ಟೀ ಅಂಗಡಿಯಲ್ಲಿ "ನಮ್ ಪಾಲು", "ನಿಮ್ ಪಾಲು" ಎನ್ನುವ ಮಾತು ನಾನು ಚಿಕ್ಕವನಿದ್ದಾಗ ಕೇಳಿದ ಹಾಗೇ ಕೇಳಿಸುತ್ತಿತ್ತು.

ನನ್ನ ಅಂಗಡಿಗೂ ಅವರು ಮೂರು ಸಲ ಬಂದಿದ್ದರು.

"ಬುದ್ಧೀ, ನಿಮ್ದೂ ಒಂದ್ ಪಾಲದೆ. ಒಂದ್ ಗಳ್ಗೆ ಬಂದ್ರೆ ತೋರುಸ್ತೀನಿ."

"ಮದ್ವೆ ಸೀಸನ್ನು ಕಣಯ್ಯಾ. ನಿನ್ ನಾಲೆ ಪುರಾಣ ಕೇಳಕ್ಕೆ ಪುರುಸೊತ್ತಿಲ್ಲ. ಓಗು, ಓಗು."

ನನಗಿಂತ ಇಪ್ಪತ್ತು ವರ್ಷಕ್ಕೂ ಹೆಚ್ಚು ದೊಡ್ಡವರು. ಅವರು ನನ್ನನ್ನು ಒಡೆಯರಿಗೆ ಅನ್ನುವ ಹಾಗೆ 'ಬುದ್ಧೀ' ಅನ್ನುತ್ತಿದ್ದರು; ನಾನು ಹುಟ್ಟಿದಾಗಿನಿಂದ ಅವರನ್ನು ಹೀಗೇ ಏಕವಚನದಲ್ಲಿ ಕರೆದದ್ದು, ಅವರ ಕೇರಿಯವರನ್ನೆಲ್ಲ ನಮ್ಮ ಬೀದಿಯವರು ಹೀಗೇ ಕರೆದದ್ದು. ಅಂಗಡಿಯಲ್ಲಿ ನಾನೂರು ಕುರ್ಚಿ ಇದ್ದವು. ಮೂರು ಸಲದಲ್ಲಿ ಒಂದು ಸಲವೂ ಒಂದು ಕುರ್ಚಿ ಅವರ ಮುಂದೆ ಎಳೆಯಲಿಲ್ಲ. ಅವರು ಬಾಗಿಲಲ್ಲಿ ಕೋಲು ಊರಿಕೊಂಡು ನಿಂತು, ನಾನು ಫೋನು ಇಡುವ ತನಕ ಕಾದು, ಹೋಗುತ್ತಿದ್ದರು.

ಆಷಾಢಕ್ಕೆ ನಾಲ್ಕು ದಿನ ಇತ್ತು. ಕಳಲೆ ಕಡೆಯಲ್ಲಿ ದೊಡ್ಡ ಬೀಗರ ಔತಣ ಮುಗಿಸಿಕೊಂಡು, ಬೆಳಿಗ್ಗೆ ಏಳು ಗಂಟೆಗೆ ಹನ್ನೆರಡು ಚೀಲ ತುಂಬಿಕೊಂಡು ಸೇತುವೆಗೆ ಬಂದೆ. ಹಾಲು ಡೇರಿಯಿಂದ ಬರುವವರು ಏಳೆಂಟು ಜನ ಅಲ್ಲಿ ನಿಂತಿದ್ದರು. ಸೇತುವೆಯ ಕಟ್ಟೆಗೆ ಒಂದು ಕಲ್ಲು ಒರಗಿಸಿತ್ತು. ಅದರ ಹಿಂದೆ ಆಳುದ್ದದ ಕಸದ ಗುಡ್ಡೆ. ಕಲ್ಲಿನ ಮೇಲೆ ಹೊಸ ನೀಲಿ ಬಣ್ಣ: 'ಬಸವಯ್ಯನವರ ಪಾಲು'.

ಡೇರಿಯ ಮಹೇಂದ್ರ ಕ್ಯಾನು ಇಳಿಸಿ ನಕ್ಕ. "ಏನ್ ಪುಟ್ಟರಾಜಣ್ಣ, ಅಪ್ಪನ್ ಹೆಸ್ರಲ್ಲಿ ಇಲ್ಲೊಂದ್ ಬ್ರಾಂಚ್ ಓಪನ್ ಮಾಡ್ಬುಟ್ಟಿದ್ದೀಯ!"

ಎಲ್ಲರೂ ನಕ್ಕರು. ನನ್ನ ಕಿವಿ ಕಾದವು. ಸತ್ತ ಅಪ್ಪನ ಹೆಸರನ್ನು ತಿಪ್ಪೆಯ ಮೇಲೆ ನಿಲ್ಲಿಸಿ ನನ್ನ ಮಾನ ಕಳೆಯಬೇಕು ಅಂತಲೇ ಈ ಕಲ್ಲಯ್ಯ ಮಾಡಿದ್ದಾನೆ ಅನಿಸಿತು. ಬಗ್ಗಿ ನೋಡಿದರೆ ಕೆಳಗೆ ನಾಲೆಯೊಳಗೆ ಕಲ್ಲಯ್ಯನವರು. ಮಂಡಿಯ ತನಕ ಕೆಸರು, ಕೈಯಲ್ಲಿ ಒಂದು ಮಂಕರಿ ಬುಟ್ಟಿ.

"ಬಾಲಾ ಮೇಲಕ್ಕೆ! ಯಾವನ್ ಏಳ್ದ ನಿಂಗೆ ನಮ್ಮಪ್ಪನ್ ಹೆಸ್ರು ಬರ್ಸು ಅಂತ?"

ಅವರು ಕೋಲು ಊರಿಕೊಂಡು ನಿಧಾನಕ್ಕೆ ಏರಿ ಹತ್ತಿದರು. "ಬುದ್ಧೀ, ಕಲ್ಲು ಈಗ್ಲೇ ಬರ್ಬಾರ್ದಾಗಿತ್ತು. ಗುರು ನಿನ್ನೆ ಸಂಜೆ..."

ಮುಂದಕ್ಕೆ ಮಾತಾಡಲು ಬಿಡಲಿಲ್ಲ. ಕೋಲಿಗೆ ಕೈ ಹಾಕಿದೆ. ಅವರು ಬಿಡಲಿಲ್ಲ. ಜೀವಮಾನದಲ್ಲಿ ಅವರು ನನಗೆ ಎದುರು ನಿಂತದ್ದು ಅದೊಂದೇ ಸಲ, ಅದೂ ಒಂದು ಬಿದಿರು ಕೋಲಿಗೆ. ಅವರ ಮಣಿಕಟ್ಟು ಹಿಡಿದು ತಿರುಚಿದೆ. ಒಳಗೇನೋ ಕಟಕ್ ಎಂದದ್ದು ನನ್ನ ಬೆರಳಿಗೇ ಗೊತ್ತಾಯಿತು. ಕೋಲು ಕಿತ್ತುಕೊಂಡು ಸೇತುವೆಯ ಕಟ್ಟೆಗೆ ಬಡಿದೆ. ಎರಡು ತುಂಡು. ಆಮೇಲೆ ಆ ಕಲ್ಲನ್ನು ಎತ್ತಿ ನಾಲೆಗೆ ಎಸೆಯಲು ಹೋದೆ.

ಕಲ್ಲಯ್ಯನವರು ಬಲಗೈಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. "ಜ್ವಾಕೆ ಬುದ್ಧೀ," ಅಂದರು. "ಬಾರ ಅದೆ. ಸೊಂಟ ಇಡ್ಕತ್ತದೆ."

ಅದು ಕೇಳಿಸಿಯೂ ಎಸೆದೆ. ಹನ್ನೆರಡು ಚೀಲವನ್ನೂ ಅದರ ಮೇಲೇ ಒದ್ದೆ. ನಗುತ್ತಿದ್ದವರು ಯಾರೂ ಈಗ ನಗುತ್ತಿರಲಿಲ್ಲ. ಮಹೇಂದ್ರ ಕ್ಯಾನು ಎತ್ತಿಕೊಂಡು ನನ್ನ ಮುಖ ನೋಡದೆ ಹೋದ.

ಮಧ್ಯಾಹ್ನ ಮಂಚಮ್ಮ ಅಂಗಡಿಗೆ ಬಂದಳು. ಬೈಯುತ್ತಾಳೆ ಎಂದು ನಾನೂ ಬಾಯಿ ಸಿದ್ಧ ಮಾಡಿಕೊಂಡಿದ್ದೆ. ಅವಳು ಬೈಯಲಿಲ್ಲ. ಒಂದು ಕುರ್ಚಿ ತಾನೇ ಎಳೆದುಕೊಂಡು ಕೂತಳು.

"ಲೇ ಪುಟ್ಟರಾಜ, ಸೇತ್ವೆ ಪಾಲು ಯಾಕ್ ನಿಮ್ಮಪ್ಪಂಗೆ ಬಂತು ಗೊತ್ತೇನ್ಲಾ?"

"ಗೊತ್ತಿಲ್ಲ."

"ಮೇಲ್ಗಡೆ ಹೂಳೆಲ್ಲ ಬಂದ್ ನಿಲ್ಲೋದು ಅಲ್ಲೇ. ಒಬ್ರೂ ಅದ್ನ ಒಪ್ತಿರ್ಲಿಲ್ಲ. ಅದು ನನ್ ಗಂಡಂದು. ಆ ವರ್ಸ ಅವುನ್ಗೆ ಕಾಮಾಲೆ, ಏಳಕ್ಕಾಗ್ತಿರ್ಲಿಲ್ಲ. ನಿಮ್ಮಪ್ಪ ಬಂದು, ಮರೀಗೌಡ, ನಿಂದು ನಂಗ್ ಕೊಡು, ಹೊಂಗೆಮರದ್ ತಾವಿರೋ ನಂದು ನೀನ್ ಮಡಿಕೋ ಅಂದ. ಆಮೇಕೆ ವಾಪಸ್ ಕೇಳ್ನೇ ಇಲ್ಲ, ಸಾಯೋಗಂಟ ಕೇಳ್ನಿಲ್ಲ."

ಅವಳೇ ಮುಂದುವರಿಸಿದಳು.

"ಆ ಕಲ್ಲಯ್ಯ ಮೂರ್ ವಾರದಿಂದ ಒತ್ತಾರೆ ಎದ್ದು ನೀನ್ ಹಾಕಿದ್ದ ಬಾಚ್ತಾವ್ನೆ ಕಣೋ. ಗಲೀಜ್ನಲ್ಲಿ ಬಸವಯ್ನೋರ್ ಹೆಸ್ರು ನಿಲ್ಸಕ್ಕಾಗಲ್ಲ, ಮೊದ್ಲು ಚೊಕ್ಕ ಮಾಡ್ತೀನಿ, ಆಮೇಲೆ ಮಗನ್ನ ಕರ್ಕಬತ್ತೀನಿ ಅಂತ. ಅವ್ನು ಒಂದ್ ಮಂಕರಿ ಎತ್ತದ್ರಲ್ಲಿ ನೀನ್ ಒಂದ್ ಗಾಡಿ ತಂದ್ ಸುರೀತೀಯ. ಆ ಗುರು ಬಡ್ಡೀಮಗ ಕಲ್ಲ ಮೊದ್ಲೇ ತಂದ್ ಒರಗ್ಸೋದ. ಇಷ್ಟೇ ನಡ್ದಿದ್ದು." ಎದ್ದು ಕುರ್ಚಿಯನ್ನು ಅದರ ಜಾಗಕ್ಕೆ ತಳ್ಳಿದಳು. "ಇನ್ನೊಂಬತ್ ಮನೆ ಬಾಕಿ. ಕೋಲಿಲ್ದೆ ಅದೆಂಗ್ ಅಳೀತಾನೋ. ನೀರು ನನ್ ಗದ್ದೆಗೆ ಬಂದ್ರೆ ಬಂತು, ಇಲ್ದಿದ್ರೆ ಇಲ್ಲ. ನಾನ್ ಅದುಕ್ ಬರ್ಲಿಲ್ಲ. ನಿಮ್ಮಪ್ಪ ಇದ್ದಿದ್ರೆ ಏನಂತಿದ್ದ ಅಂತ ಕೇಳನ ಅಂತ ಬಂದೆ."

ಮನೆಯಲ್ಲಿ ನನ್ನ ಹೆಂಡತಿ ಸುನೀತಾ ನಾಲ್ಕು ದಿನ ತಟ್ಟೆ ಇಟ್ಟು ಅನ್ನ ಬಡಿಸಿ ಒಳಗೆ ಹೋಗುತ್ತಿದ್ದಳು. ಐದನೇ ದಿನ ಒಂದೇ ಮಾತು ಕೇಳಿದಳು: "ಅವ್ರ್ ಕೈಗೆ ಡಾಕ್ಟ್ರು ಏನಂದ್ರಂತೆ?" ನನಗೆ ಗೊತ್ತಿರಲಿಲ್ಲ.

ಅವತ್ತು ಸಂಜೆ ಅವರ ಮನೆಗೆ ಹೋದೆ. ಐವತ್ತು ವರ್ಷ ಒಂದೇ ಊರಿನಲ್ಲಿದ್ದರೂ ಆ ಕೇರಿಯೊಳಗೆ ನಾನು ಇಟ್ಟ ಮೊದಲ ಹೆಜ್ಜೆ ಅದು. ಕಲ್ಲಯ್ಯನವರು ಜಗಲಿಯ ಮೇಲಿದ್ದರು, ಕೈಗೆ ಬಟ್ಟೆ ಕಟ್ಟಿತ್ತು. ನನ್ನನ್ನು ಕಂಡು ಎದ್ದರು. ಒಳಗಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು, ಹೆಗಲ ಟವೆಲಿನಿಂದ ಎಡಗೈಯಲ್ಲಿ ಒರೆಸಿ, ನನ್ನ ಮುಂದೆ ಇಟ್ಟರು. ತಾವು ನಿಂತೇ ಇದ್ದರು.

ನನಗೆ ಕೂರಲು ಆಗಲಿಲ್ಲ. ನಿಲ್ಲಲೂ ಆಗಲಿಲ್ಲ. ತಪ್ಪಾಯಿತು ಎನ್ನುವ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಬಂದದ್ದು ಬೇರೆ.

"ಕೋಲು... ಏನ್ ಮಾಡೋದು?"

"ಬಿದ್ರು ಇದ್ರೆ ಆಯ್ತದೆ," ಅಂದರು. "ಅಳತೆ ನನ್ ಕೈಲದೆ."

ಶಾಮಿಯಾನ ಕಟ್ಟುವವನಿಗೆ ಗಳುಗಳಿಗೆ ಬರವೇ? ಓಡಿಹೋಗಿ ಇದ್ದುದರಲ್ಲಿ ನೆಟ್ಟಗಿರುವುದನ್ನು ಆರಿಸಿ ತಂದೆ. ಕಲ್ಲಯ್ಯನವರು ಅದನ್ನು ಮಡಿಲಲ್ಲಿ ಇಟ್ಟುಕೊಂಡು ಬಲಗೈ ಚಾಚಿದರು. ಬೆರಳು ಅಗಲವಾಗಲಿಲ್ಲ. ಎರಡು ಸಲ ನೋಡಿ, ಎಡಗೈಗೆ ಬದಲಾಯಿಸಿ, ಗೇಣು ಗೇಣಾಗಿ ಅಳೆದರು. ಕಚ್ಚು ಹೊಡೆಯಲು ಮಚ್ಚು ಹಿಡಿಯಲಾಗದೆ ನನ್ನ ಕೈಗೆ ಕೊಟ್ಟರು. ಅವರು ಬೆರಳಿಟ್ಟ ಕಡೆ ನಾನು ಕಚ್ಚು ಹಾಕಿದೆ. ಹತ್ತು ಕಚ್ಚು. ಅಷ್ಟೂ ಹೊತ್ತು ನಾನು ಆ ಕಟ್ಟಿದ ಬಟ್ಟೆ ಬಿಟ್ಟು ಬೇರೇನನ್ನೂ ನೋಡಲಿಲ್ಲ.

"ನಾಳೆ ಒತ್ತಾರೆ ನಿಮ್ ಪಾಲ್ ತಾವ ಬತ್ತೀರಾ ಬುದ್ಧೀ?" ಎಂದು ಕೇಳಿದರು, ಏನೂ ಆಗಿಲ್ಲವೆಂಬಂತೆ.

ಆಷಾಢ ಹಿಡಿದಿತ್ತು, ಮದುವೆ ಇಲ್ಲ. ಯಾರೂ ನೋಡಬಾರದೆಂದು ಬೆಳಕು ಹರಿಯುವ ಮುಂಚೆ ಇಳಿದೆ. ಡೇರಿ ಹೊತ್ತಿಗೆ ಎಲ್ಲರೂ ನೋಡಿದರು. ಕಸ ಎಂದರೆ ತಟ್ಟೆ ಲೋಟ ಎಂದುಕೊಂಡಿದ್ದೆ. ಮೊದಲು ಕೈಗೆ ಸಿಕ್ಕಿದ್ದು ಚೀಲ. ಪಾತ್ರೆ ಹೋದ ಮನೆಯಿಂದ ಚೀಲ ವಾಪಸ್ ಬರಲಿ ಎಂದು ನಮ್ಮ ಅಂಗಡಿಯ ಚೀಲಗಳಿಗೆಲ್ಲ ನಾನೇ ಕೆಂಪು ಬಣ್ಣದಲ್ಲಿ ಗುರುತು ಬರೆದಿರುತ್ತೇನೆ. ಹಳೆಯದಾದವಕ್ಕೆ ಕಸ ತುಂಬುತ್ತಿದ್ದೆ. ಕೆಸರು ಒರೆಸಿದರೆ 'ಬಸವಯ್ಯ'. ಇನ್ನೊಂದು ಎಳೆದೆ, 'ಬಸವಯ್ಯ'. ಅದರ ಕೆಳಗಿನದ್ದೂ ಅದೇ. ಕಲ್ಲಯ್ಯನವರು ನಮ್ಮಪ್ಪನ ಹೆಸರನ್ನು ಕಸದ ಮೇಲೆ ಇಟ್ಟರು ಎಂದು ಕೈ ಮುರಿದಿದ್ದೆನಲ್ಲ, ಏಳು ವರ್ಷದಿಂದ ಅಲ್ಲಿಗೆ ಆ ಹೆಸರನ್ನು ಒದೆಯುತ್ತಿದ್ದದ್ದು ನನ್ನ ಕಾಲು. ಮೂರು ವಾರ ಆ ಚೀಲಗಳನ್ನು ಎತ್ತಿದ ಮನುಷ್ಯ ಅದನ್ನು ಓದಿಯೂ ನನಗೆ ಹೇಳಿರಲಿಲ್ಲ. ನಾನು ಕೆಸರಿನಲ್ಲೇ ಕೂತುಬಿಟ್ಟೆ.

"ಏನಣ್ಣಾ, ಏನಾದ್ರೂ ಕಳ್ಕಂಡ್ಯಾ?" ಮೇಲಿನಿಂದ ಮಹೇಂದ್ರ ಕೂಗಿದ.

ಬಾಯಿಗೆ ಬಂದದ್ದನ್ನು ನುಂಗಿದೆ. ಸ್ವಲ್ಪ ಹೊತ್ತಿಗೆ ಅವನೇ ಪ್ಯಾಂಟು ಮಡಚಿ ಇಳಿದ. ಅವನದು ನನ್ನ ಮುಂದಿನ ಪಾಲು.

ಕೆಲಸ ಆರು ದಿನ ಹಿಡಿಯಿತು. ಕಲ್ಲಯ್ಯನವರು ದಿನಾ ಬಂದು ಏರಿಯ ಮೇಲೆ ಕೂತು, ಹೂಳು ಯಾವ ಕಡೆಗೆ ಎಳೆಯಬೇಕು ಎಂದು ಹೇಳುತ್ತಿದ್ದರು. ಆಮೇಲೆ ಹೊಸ ಕೋಲು ಹೊತ್ತು ಉಳಿದ ಮನೆಗಳವರನ್ನು ಕರೆದುಕೊಂಡು ಹೋಗುತ್ತಿದ್ದರು. ಐದನೇ ದಿನ ಕಲ್ಲು ಸಿಕ್ಕಿತು. ಮೂಲೆ ಒಡೆದಿತ್ತು, ಬಣ್ಣ ಅರ್ಧ ಕಿತ್ತಿತ್ತು. ಜುಲೈ ಕೊನೆಯಲ್ಲಿ ನೀರು ಬಿಟ್ಟಾಗ ಸೇತುವೆಯ ಕೆಳಗೆ ಎಲ್ಲೂ ನಿಲ್ಲದೆ ಹರಿಯಿತು. ಮಂಚಮ್ಮನ ಗದ್ದೆಗೆ ಮೂರನೇ ದಿನ ಮುಟ್ಟಿತು. ಮೂವತ್ತು ಕಲ್ಲು ನಿಂತಿದ್ದವು. ನನ್ನದನ್ನು ಮಾತ್ರ ನಾನೇ ಬೇಡ ಅಂದೆ. ಅಂಗಡಿಯ ಬಾಗಿಲಲ್ಲಿ ಇಟ್ಟುಕೊಂಡಿದ್ದೇನೆ. "ಯಾವತ್ ನಿಲ್ಸಾನ ಬುದ್ಧೀ?" ಎಂದು ಕಲ್ಲಯ್ಯನವರು ಕೇಳುತ್ತಲೇ ಇದ್ದಾರೆ. ನನ್ನನ್ನು ಬುದ್ಧಿ ಎಂದು ಕರೆಯಬೇಡಿ ಅಂದರೆ ಕೇಳುವುದಿಲ್ಲ. ಅಂಗಡಿಗೆ ಬಂದರೆ ಈಗ ಕುರ್ಚಿ ಹಾಕುತ್ತೇನೆ. ಅವರು ಅಂಚಿನಲ್ಲೇ ಕೂರುತ್ತಾರೆ.

ಪ್ಲಾಸ್ಟಿಕ್ ತಟ್ಟೆ ಈಗ ನನ್ನ ಅಂಗಡಿಯಿಂದ ಹೋಗುವುದಿಲ್ಲ, ಬಾಳೆಎಲೆ ಮತ್ತು ಸ್ಟೀಲ್ ಲೋಟ. ಕಾನೂನಿಗೆ ಹೆದರಿ ಅಲ್ಲ, ನಾನು ಒಳ್ಳೆಯವನಾದೆ ಅಂತಲೂ ಅಲ್ಲ. ಕಲ್ಲಯ್ಯನವರು ಕಂಡಕಂಡವರಿಗೆಲ್ಲ "ಇವ್ರು ಸೇತ್ವೆ ಪಾಲ್ನೋರು" ಎಂದು ನನ್ನನ್ನು ತೋರಿಸುತ್ತಾರೆ. ಹಾಗೆ ಕರೆಸಿಕೊಂಡ ಮೇಲೆ ಆ ಚೀಲ ತುಂಬಲು ಕೈ ಏಳುವುದಿಲ್ಲ.

ಮೊನ್ನೆ ತಿ. ನರಸೀಪುರದ ಶಾಲೆಯ ವಿಭಾ ಟೀಚರು ಮಕ್ಕಳನ್ನು ಕರೆದುಕೊಂಡು ಬಂದಿದ್ದರು, ಕಲ್ಲುಗಳನ್ನು ತೋರಿಸಲು. ಕಲ್ಲಯ್ಯನವರು ಕೋಲು ಹಾಕಿ ಅಳೆದು ತೋರಿಸುವಾಗ ಟೀಚರು ಕೇಳಿದರು: "ಕೈಗೇನಾಗಿದೆ ತಾತಾ?"

ಅವರು ನನ್ನ ಕಡೆ ಕಣ್ಣೆತ್ತಿಯೂ ನೋಡದೆ, "ನಾಲೇಲಿ ಜಾರ್ಬಿದ್ದೆ ಕಣವ್ವ" ಅಂದರು. ಆಮೇಲೆ ಮಕ್ಕಳಿಗೆ ನನ್ನನ್ನು ತೋರಿಸಿದರು. "ಇವ್ರೇ ಬಸವಯ್ನೋರ್ ಮಗ. ಸೇತ್ವೆ ಪಾಲ್ನೋರು. ಊರಿಗೆಲ್ಲ ಕಷ್ಟದ್ ಪಾಲು ಇವ್ರ್ ಮನೇದು."

ಮಕ್ಕಳು ಕೈ ಮುಗಿದರು. ನಾನೂ ಮುಗಿದೆ. ಇಪ್ಪತ್ತು ಮಕ್ಕಳ ಮುಂದೆ, ಅದು ಹಾಗಲ್ಲ ಎಂದು ಹೇಳುವಷ್ಟು ಧೈರ್ಯ ನನಗಿರಲಿಲ್ಲ. ಕೋಲು ಬಡಿದು ಮುರಿಯುವುದಕ್ಕೆ ಇದ್ದ ಧೈರ್ಯ ಇದಕ್ಕೆ ಇರಲಿಲ್ಲ.

ಕಲ್ಲಯ್ಯನವರು ಜಾರಿ ಬೀಳಲಿಲ್ಲ. ನಮ್ಮೂರ ನಾಲೆಯಲ್ಲಿ ಅವರು ಎಪ್ಪತ್ತು ವರ್ಷದಲ್ಲಿ ಒಂದು ಸಲವೂ ಜಾರಿದವರಲ್ಲ. ಆ ಕೈ ಮುರಿದವನು ನಾನು. ಇದನ್ನು ವಿಭಾ ಟೀಚರು ಓದಲಿ, ಆ ಮಕ್ಕಳೂ ಓದಲಿ. ಆಮೇಲೆ ನಾನೇ ಕಲ್ಲಯ್ಯನವರ ಮನೆಗೆ ಹೋಗಿ, ಕಲ್ಲನ್ನು ಯಾವತ್ತು ನಿಲ್ಲಿಸೋಣ ಎಂದು ಕೇಳುತ್ತೇನೆ.